ಮಾವನವರ ರಿವಾಲ್ವರಿಗೆ ನನ್ನ ಕೈಯಳತೆ

ಹಪ್ಪಳ ಸಂಡಿಗೆ, ಕಸೂತಿ, ಮಕ್ಕಳ ಕೆಮ್ಮಿಗೆ ಕಷಾಯ, ಇವುಗಳ ನಡುವೆ ರಿವಾಲ್ವರಿನ ಕಥೆ ಎಲ್ಲಿಂದ ಬಂತಪ್ಪಾ ಎಂದು ನೀವು ಹುಬ್ಬೇರಿಸಬಹುದು. ನಾನೂ ಹಾಗೇ ಹುಬ್ಬೇರಿಸುತ್ತಿದ್ದವಳೇ. ಎಸ್ಸೆಸ್ಸೆಲ್ಸಿ ಓದಿ, ಮೂಡಿಗೆರೆ ಕಡೆಯ ಕಾಫಿ ತೋಟದ ಮನೆಗೆ ಸೊಸೆಯಾಗಿ ಬಂದ ನನ್ನ ಹೆಸರಿನಲ್ಲಿ ಈಗ ಒಂದು ರಿವಾಲ್ವರಿನ ಲೈಸೆನ್ಸಿದೆ ಎಂದರೆ ತವರಿನವರು ಇಂದಿಗೂ ನಗುತ್ತಾರೆ. ಲೈಸೆನ್ಸಿರಲಿ, ಅದರ ಹಿಡಿಯನ್ನು ನನ್ನ ಕೈ ಅಳತೆಗೆ ಬೇರೆ ಮಾಡಿಸಿದ್ದೇನೆ ಎಂದರೆ ನಗು ಇನ್ನೂ ಜಾಸ್ತಿಯಾಗುತ್ತದೆ. ರವಿಕೆ ಅಳತೆ ಕೊಟ್ಟ ಹಾಗೆ!

ಮಲೆನಾಡಿನ ತೋಟದ ಮನೆಗಳಲ್ಲಿ ಕೋವಿ ದೊಡ್ಡ ಸಂಗತಿಯಲ್ಲ. ಕತ್ತಿ, ಹಾರೆ, ಗುದ್ದಲಿಗಳ ಸಾಲಿನಲ್ಲಿ ಅದೂ ಒಂದು. ಹಂದಿ ಬಂದು ಗದ್ದೆ ಉರುಳಿಸದಂತೆ, ಮಂಗಗಳು ಬಾಳೆ, ಏಲಕ್ಕಿ ಹಾಳು ಮಾಡದಂತೆ ಹೆದರಿಸಲಿಕ್ಕೆ ಒಂದು ಸದ್ದು ಬೇಕು, ಅಷ್ಟೆ. ನಮ್ಮ ಮಗ್ಗುಲಿನ ಕೊಡಗಿನಲ್ಲಂತೂ ಅದರ ಗೌರವವೇ ಬೇರೆ. ಕೈಲ್‌ಪೊಳ್ದು ಹಬ್ಬಕ್ಕೆ ಕೋವಿಗೆ ತೋಕುಪೂವಿನ ಅಲಂಕಾರ ಮಾಡಿ ಪೂಜಿಸುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ನಮಗೆ ಆ ಭಾಗ್ಯವಿಲ್ಲ. ನಮ್ಮದೇನಿದ್ದರೂ ಅರ್ಜಿ, ಠಾಣೆ, ಡೀಸಿ ಆಫೀಸು.

ಕೋವಿಯ ಮಾತು ಹಾಗಾಯಿತು. ಆದರೆ ರಿವಾಲ್ವರ್ ಬೇರೆಯೇ ಜಾತಿಯದು. ಕೋವಿ ತೋಟಕ್ಕೆ, ರಿವಾಲ್ವರ್ ಮನುಷ್ಯನಿಗೆ. ನಮ್ಮ ಮಾವನವರು ಅದನ್ನು ಕೊಂಡದ್ದು 1981ರಲ್ಲಿ. ಆಗ ವಾರಕ್ಕೊಮ್ಮೆ ಬಟವಾಡೆಯ ದುಡ್ಡು ಪೇಟೆಯ ಬ್ಯಾಂಕಿನಿಂದ ಕಾಡುದಾರಿಯಲ್ಲಿ ಬರಬೇಕಿತ್ತು. ಒಂದು ಶನಿವಾರ ಸಂಜೆ ಹಳ್ಳದ ತಿರುವಿನಲ್ಲಿ ಇಬ್ಬರು ಜೀಪಿಗೆ ಅಡ್ಡ ನಿಂತು, ಇವರ ಭುಜಕ್ಕೆ ದೊಣ್ಣೆಯಲ್ಲಿ ಹೊಡೆದು ಚೀಲ ಕಿತ್ತುಕೊಂಡು ಹೋದರಂತೆ. ಆ ವಾರ ಆಳುಗಳಿಗೆ ಕೊಡಲಿಕ್ಕೆ ಅತ್ತೆಯವರ ನಾಲ್ಕು ಬಳೆ ಅಡವಿಟ್ಟರು. ಮುಂದೆ ರಿವಾಲ್ವರ್ ಕೊಳ್ಳಲು ಅದೇ ಬಳೆ ಮಾರಿದರು. ಹೀಗಾಗಿ ಅದು ಮಾವನವರದ್ದು ಎಂದು ಎಲ್ಲರೂ ಅಂದರೂ ಅತ್ತೆಯವರು ಮಾತ್ರ "ನನ್ನ ಬಳೆ" ಅಂತಲೇ ಅನ್ನುತ್ತಿದ್ದರು. "ನನ್ನ ಬಳೆಗೆ ಎಣ್ಣೆ ಹಾಕಿದ್ರಾ?" ಎಂದು ಮಳೆಗಾಲದಲ್ಲಿ ಜ್ಞಾಪಿಸುತ್ತಿದ್ದರು.

ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ವೆಬ್ಲಿ ಅಂಡ್ ಸ್ಕಾಟ್ ಕಂಪನಿಯದು, .32 ಅಳತೆಯದು, ಆರು ಗುಂಡಿನದು. ಬೇರೊಬ್ಬ ಪ್ಲಾಂಟರಿಂದ ಎರಡನೇ ಕೈಗೆ ಬಂದದ್ದು. ಮೇಲಿನ ಚಿಲಕ ಒತ್ತಿದರೆ ನಡುವೆ ಮಡಚಿಕೊಂಡು ಬಾಯಿ ತೆರೆಯುತ್ತದೆ, ನಮ್ಮ ಎಲೆಅಡಿಕೆ ಡಬ್ಬಿಯ ಹಾಗೆ. ಈಗ ಕಾನ್ಪುರದ ಸರ್ಕಾರಿ ಕಾರ್ಖಾನೆಯಲ್ಲಿ ಮಾಡುವ .32 ರಿವಾಲ್ವರೂ ಇದರ ನಮೂನೆಯದೇ ಎಂದು ಬಂದೂಕಿನ ಅಂಗಡಿಯವರು ತೋರಿಸಿದರು. ಅಕ್ಕ ತಂಗಿಯರ ಹಾಗಿದ್ದವು.

ಬಂದಾಗ ಅದಕ್ಕೆ ಕಪ್ಪು ಹಿಡಿ ಇತ್ತಂತೆ. ಮಾವನವರ ಕೈಗೆ ಅದು ಒಗ್ಗಲಿಲ್ಲ. ಅವರದ್ದು ಮೊರದಗಲದ ಅಂಗೈ. ಸಾಲದ್ದಕ್ಕೆ ಪಲ್ಪರ್ ಮಿಷನ್ನಿಗೆ ಸಿಕ್ಕಿ ಉಂಗುರದ ಬೆರಳಿನ ಮೇಲಿನ ಗೆಣ್ಣು ಹೋಗಿತ್ತು. ಹಿಡಿದರೆ ಅಲ್ಲಿ ಸಂದಿ ಬಿದ್ದು ರಿವಾಲ್ವರ್ ಜಾರುತ್ತಿತ್ತು. ಅವರು ನಮ್ಮೂರ ಆಚಾರ್ರನ್ನು ಕರೆಸಿ, ಮುರಿದ ಹಳೇ ಮಂಚದ ಬೀಟೆ ಕಾಲು ಕೊಟ್ಟು, ಎರಡು ಪಕ್ಕದ ಹಲಗೆಗಳನ್ನು ತಮ್ಮ ಅಂಗೈಗೆ ಸರಿಯಾಗಿ ಕೆತ್ತಿಸಿಕೊಂಡರು. ಬೆರಳಿಲ್ಲದ ಜಾಗಕ್ಕೆ ಒಂದು ಗುಬುಟು ಬಿಡಿಸಿದ್ದರು. ಆ ಗುಬುಟು ಮೂವತ್ತೇಳು ವರ್ಷ ತಿಕ್ಕಿ ತಿಕ್ಕಿ ಹುಣಸೆಬೀಜದಂತೆ ಮಿರುಗುತ್ತಿತ್ತು. ಒಂದು ಸಲವೂ ಮನುಷ್ಯರ ಮೇಲೆ ಗುಂಡು ಹಾರಿದ್ದಲ್ಲ. ಬಟವಾಡೆಯ ದಿನ ಸೊಂಟದಲ್ಲಿರುತ್ತಿತ್ತು, ಅಷ್ಟೇ.

ಇಂಥ ಹುಚ್ಚು ನಮ್ಮ ಮಾವನವರಿಗೆ ಮಾತ್ರ ಎಂದು ತಿಳಿಯಬೇಡಿ. ನಮ್ಮ ಪಕ್ಕದ ತೋಟದ ಯಜಮಾನರು ಹಿಡಿಯಲ್ಲಿ ಬೆಳ್ಳಿಯ ಅಕ್ಷರ ಕೂರಿಸಿದ್ದರು. ಅಮೆರಿಕದ ಸೇನಾಪತಿ ಪ್ಯಾಟನ್ ಎಂಬವರು 1916ರಲ್ಲಿ ಒಂದು ಕೋಲ್ಟ್ ರಿವಾಲ್ವರ್ ಕೊಂಡಿದ್ದರಂತೆ. ಮೈಗೆಲ್ಲ ಕೆತ್ತನೆ, ಬೆಳ್ಳಿಯ ಲೇಪ, ದಂತದ ಹಿಡಿ, ಹಿಡಿಯಲ್ಲಿ ಅವರ ಹೆಸರಿನ ಅಕ್ಷರ! ಇದನ್ನು ಹೇಳಿದವನು ನನ್ನ ಮಗ. ಆ ದೇಶದಲ್ಲಿ ಹಿಡಿ, ಗುರಿಮೊನೆ, ಬಣ್ಣ ಎಲ್ಲವನ್ನೂ ಬೇಕಾದ ಹಾಗೆ ಬದಲಾಯಿಸಿಕೊಳ್ಳುವುದೇ ಒಂದು ಹವ್ಯಾಸವಂತೆ. ಗಂಡಸರಿಗೂ ಒಡವೆಯ ಆಸೆ ಇರುತ್ತದೆ, ಹೇಳಿಕೊಳ್ಳುವುದಿಲ್ಲ ಅಷ್ಟೆ ಎಂದು ನನಗನ್ನಿಸಿತು.

2018ರ ಕಾರ್ತಿಕದಲ್ಲಿ ಮಾವನವರು ತೀರಿಕೊಂಡರು. ಲೈಸೆನ್ಸುದಾರರು ಹೋದ ಮೇಲೆ ಆಯುಧ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ವೈಕುಂಠ ಸಮಾರಾಧನೆ ಮುಗಿದ ವಾರದಲ್ಲೇ ಅವರ ಒಂಟಿನಳಿಗೆ ಕೋವಿ ಮತ್ತು ರಿವಾಲ್ವರನ್ನು ಠಾಣೆಗೆ ಕೊಟ್ಟು ರಸೀದಿ ತಂದೆವು. ಎರಡೂ ನಮ್ಮವರ ಹೆಸರಿಗೆ ಆಗಲೆಂದು ಅರ್ಜಿ ಹೋಯಿತು. ನಾದಿನಿಯರಿಬ್ಬರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ಅಲ್ಲಿಗೆ ಮುಗಿಯಿತೆಂದುಕೊಂಡೆವು.

2019ರ ಆಗಸ್ಟಿನ ಮಳೆ ನಿಮಗೂ ನೆನಪಿರಬಹುದು. ನಮ್ಮ ಕಡೆ ಗುಡ್ಡಗಳೇ ಜಾರಿ ಬಂದವು. ನಮ್ಮ ತೋಟದ ಎರಡು ಎಕರೆ, ಅದೂ ನಮ್ಮವರು ತಾವೇ ನಿಂತು ಗಿಡ ನೆಡಿಸಿದ ಎರಡು ಎಕರೆ, ಒಂದು ರಾತ್ರಿಯಲ್ಲಿ ಕೆಂಪು ಕೆಸರಾಗಿ ಹಳ್ಳಕ್ಕೆ ಹೋಯಿತು. ಗಿಡ, ಸಿಲ್ವರ್ ಮರ, ಮೆಣಸಿನ ಬಳ್ಳಿ ಒಂದೂ ಇಲ್ಲ. ಬ್ಯಾಂಕಿನ ಸಾಲ ಮಾತ್ರ ಗಟ್ಟಿಯಾಗಿ ನಿಂತಿತು.

ನಮ್ಮವರು ಅಳಲಿಲ್ಲ, ಕೂಗಾಡಲಿಲ್ಲ. ಮಾತೇ ನಿಲ್ಲಿಸಿದರು. ಊಟದ ತಟ್ಟೆ ಮುಂದೆ ಕೂತು ಅನ್ನ ಕಲಸಿ ಕಲಸಿ ಎದ್ದು ಹೋಗುತ್ತಿದ್ದರು. ಒಂದು ರಾತ್ರಿ ಎಚ್ಚರವಾದಾಗ ಹಾಸಿಗೆಯಲ್ಲಿ ಇರಲಿಲ್ಲ. ಹೊರಗೆ ಜಗಲಿಯಲ್ಲಿ ಮಾವನವರ ರಿವಾಲ್ವರಿನ ಚರ್ಮದ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಖಾಲಿ ಚೀಲ. ರಿವಾಲ್ವರ್ ಠಾಣೆಯಲ್ಲಿತ್ತಲ್ಲ. "ಅಪ್ಪಂದು ಯಾವಾಗ ಬರುತ್ತೋ" ಅಂದರು, ನನ್ನ ಮುಖ ನೋಡದೆ. "ಬಂದ್ರೆ ಅದು ನನ್ನ ಹತ್ರಾನೇ ಇರ್ಲಿ."

ಇಷ್ಟೇ ಮಾತು. ಆದರೆ ಇಪ್ಪತ್ತು ವರ್ಷ ಜೊತೆಗೆ ಬಾಳಿದವಳಿಗೆ ಮಾತಿನ ಹಿಂದಿನ ಮಾತು ಕೇಳಿಸುತ್ತದೆ. ನನ್ನ ಕೈಕಾಲು ತಣ್ಣಗಾದವು.

ಬೆಳಗಾಗುತ್ತಲೇ ನನ್ನ ಅಣ್ಣನಿಗೆ ಫೋನು ಮಾಡಿ ಬಾ ಎಂದೆ. ನಮ್ಮವರ ಜೋಡುನಳಿಗೆ ಕೋವಿ ಇನ್ನೂ ಮನೆಯಲ್ಲೇ ಇತ್ತು. "ಮಳೆಗೆ ನಳಿಗೆ ತುಕ್ಕು ಹಿಡಿದಿದೆ, ಅಂಗಡಿಗೆ ಕೊಟ್ಟು ಬರೋಣ ಭಾವ" ಎಂದು ಅಣ್ಣ ಅವರನ್ನೇ ಕೂರಿಸಿಕೊಂಡು ಜಿಲ್ಲಾ ಕೇಂದ್ರದ ಬಂದೂಕಿನ ಅಂಗಡಿಗೆ ಹೋಗಿ, ಜೋಪಾನಕ್ಕೆಂದು ಅಲ್ಲೇ ಒಪ್ಪಿಸಿ ಬಂದ. ಲೈಸೆನ್ಸಿರುವ ಅಂಗಡಿಯವರು ಹಾಗೆ ಇಟ್ಟುಕೊಳ್ಳುತ್ತಾರೆ, ರಸೀದಿ ಕೊಡುತ್ತಾರೆ. ಇದು ಎಷ್ಟೋ ಮನೆಯ ಹೆಂಗಸರಿಗೆ ಗೊತ್ತಿಲ್ಲ, ಅದಕ್ಕೇ ಬರೆದೆ. ಹಿಂದಿರುಗುವಾಗ ಅಣ್ಣ ಡಾಕ್ಟರ ಹತ್ತಿರವೂ ಕರೆದುಕೊಂಡು ಹೋದ. ಮೊದಮೊದಲು "ನನಗೇನು ಹುಚ್ಚಾ?" ಎಂದು ಸಿಟ್ಟು ಮಾಡಿದರು. ಆಮೇಲೆ ಒಪ್ಪಿದರು. ಮಾತ್ರೆ ಇವತ್ತಿಗೂ ನಡೆಯುತ್ತಿದೆ. ಬಿ.ಪಿ. ಮಾತ್ರೆಯ ಪಕ್ಕದಲ್ಲೇ ಇಡುತ್ತೇನೆ, ಬಚ್ಚಿಡುವುದಿಲ್ಲ. ಈ ಲೇಖನವನ್ನೂ ಮೊದಲು ಓದಿದವರು ಅವರೇ. "ಬರಿ, ಯಾರಿಗಾದ್ರೂ ಬೇಕಾದೀತು" ಅಂದರು.

ಅದೇ ಡಿಸೆಂಬರಿನಲ್ಲಿ ಆಯುಧ ಕಾಯಿದೆಗೆ ತಿದ್ದುಪಡಿ ಬಂತು. ಒಬ್ಬರಿಗೆ ಮೂರು ಆಯುಧ ಎಂದಿದ್ದದ್ದು ಎರಡಾಯಿತು. ಪಿತ್ರಾರ್ಜಿತವಾಗಿ ಬಂದರೂ ಎರಡೇ. ನಮ್ಮವರದ್ದು ಒಂದು, ಅಪ್ಪನದ್ದು ಎರಡು, ಒಟ್ಟು ಮೂರು. ಒಂದು ಬಿಡಬೇಕು.

"ರಿವಾಲ್ವರ್ ಮಾರಿಬಿಡೋಣ" ಎಂದವಳು ನಾನೇ. ಪೀಡೆ ತೊಲಗಲಿ ಅನ್ನಿಸಿತ್ತು. ಅತ್ತೆಯವರು ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟರು. "ನನ್ನ ಬಳೆ ಮಾರಕ್ಕೆ ನೀನು ಯಾರೇ?" ಎಂದರು. ಅವರಿಗೆ ಮಗನ ರಾತ್ರಿಯ ಸಂಗತಿ ತಿಳಿದಿರಲಿಲ್ಲ, ನಾನು ಹೇಳಿರಲಿಲ್ಲ. ಎಪ್ಪತ್ತೆಂಟರ ಮುದುಕಿಗೆ ಏನಂತ ಹೇಳುವುದು? ಎರಡು ದಿನ ಅವರು ನನ್ನ ಕೈಯ ಕಾಫಿ ಕುಡಿಯಲಿಲ್ಲ. ಮೂರನೇ ದಿನ ನಾನು, "ಆಯ್ತು ಅತ್ತೆ, ಮಾರೋದು ಬೇಡ. ನನ್ನ ಹೆಸರಿಗೆ ಮಾಡಿಸ್ಕೋತೀನಿ" ಎಂದೆ. ನನ್ನ ಹೆಸರಿಗೆ ಲೈಸೆನ್ಸಾದರೆ ಅದು ನನ್ನ ವಶದಲ್ಲಿರಬೇಕು, ಬೀಗದ ಕೈ ನನ್ನಲ್ಲಿರಬೇಕು. ಬೇರೆ ಯಾರು ಇಟ್ಟುಕೊಂಡರೂ ತಪ್ಪು, ಗಂಡನಾದರೂ! ಕಾಯಿದೆ ಒಮ್ಮೊಮ್ಮೆ ಹೆಂಗಸಿನ ಕಡೆಗೂ ಇರುತ್ತದೆ ನೋಡಿ.

ಕೊರೊನಾ ಬಂದು ಅರ್ಜಿ ಅಲ್ಲೇ ಕೂತಿತು. ಠಾಣೆಯವರು ಮನೆಗೆ ಬಂದು ವಿಚಾರಿಸಿದ್ದು, "ಅಮ್ಮಾ, ನಿಮಗೆ ಇದು ಯಾಕೆ?" ಎಂದು ಮೂವರು ಮೂರು ಸಲ ಕೇಳಿದ್ದು, ಆಫೀಸಿಗೆ ಅಲೆದದ್ದು, ಎಲ್ಲ ಬರೆದರೆ ಪುಟ ಸಾಲದು. ತರಬೇತಿಯ ಪ್ರಮಾಣಪತ್ರವೂ ಬೇಕಿತ್ತು. 2016ರ ನಿಯಮದಲ್ಲಿ ಅದು ಬಂದಿದೆ, ಒಳ್ಳೆಯದೇ ಆಯಿತು. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲೇಜು ಹುಡುಗರ ಸಾಲಿನಲ್ಲಿ ನಿಂತು ಕಲಿತೆ. ಮೊದಲ ಪಾಠ: ಯಾವ ಆಯುಧ ಕೈಗೆ ಬಂದರೂ ತುಂಬಿದೆ ಎಂದೇ ತಿಳಿದು, ಬಾಯಿ ತೆರೆದು ನೋಡುವುದು. ಎರಡನೇ ಪಾಠ: ಹೊಡೆಯುವವರೆಗೆ ಟ್ರಿಗರಿಗೆ ಬೆರಳು ಹಾಕದಿರುವುದು. ಹಾಲು ಉಕ್ಕುವಾಗ ಒಲೆ ಬಿಟ್ಟು ಕದಲಬಾರದು ಎಂಬಂಥದ್ದೇ ಪಾಠಗಳು, ಮರೆತರೆ ಮಾತ್ರ ಪರಿಣಾಮ ಬೇರೆ.

2022ರಲ್ಲಿ ರಿವಾಲ್ವರ್ ನನ್ನ ಕೈಗೆ ಬಂತು. ಅದನ್ನು ಹಿಡಿದಾಗಲೇ ತೊಂದರೆ ತಿಳಿದದ್ದು. ಮಾವನವರ ಬೀಟೆ ಹಿಡಿ ನನ್ನ ಅಂಗೈಯಲ್ಲಿ ನಿಲ್ಲುತ್ತಲೇ ಇಲ್ಲ! ದಪ್ಪ ಹಿಡಿಯನ್ನು ಬಳಸಿ ಹೋಗುವಷ್ಟರಲ್ಲಿ ಬೆರಳಿನ ತುದಿ ಮಾತ್ರ ಟ್ರಿಗರಿಗೆ ಎಟುಕುತ್ತಿತ್ತು. ತುದಿಯಲ್ಲಿ ಎಳೆದರೆ ಮೂತಿ ಪಕ್ಕಕ್ಕೆ ಓಲುತ್ತದೆ, ಗುರಿ ತಪ್ಪುತ್ತದೆ. ಸಾಲದ್ದಕ್ಕೆ ಆ ಗುಬುಟು ನನ್ನ ಇರುವ ಬೆರಳನ್ನು ಒತ್ತಿ ನೋಯಿಸುತ್ತಿತ್ತು. ತರಬೇತಿಯ ಮೇಷ್ಟ್ರು ಹೇಳಿದ್ದರು, "ಅಳತೆ ಸರಿ ಇಲ್ಲದ ಹಿಡಿ ಅಂದ್ರೆ ಅಳತೆ ತಪ್ಪಿದ ಚಪ್ಪಲಿ, ಅಮ್ಮ. ಯಾವಾಗ ಬೀಳಿಸುತ್ತೆ ಗೊತ್ತಾಗಲ್ಲ."

2014ರಲ್ಲಿ ಹೆಂಗಸರಿಗೆಂದೇ 'ನಿರ್ಭೀಕ್' ಎಂಬ ಹಗುರ ರಿವಾಲ್ವರ್ ಕಾನ್ಪುರದಿಂದ ಬಂದದ್ದು ನೆನಪಾಯಿತು. ದೆಹಲಿಯ ಆ ನತದೃಷ್ಟ ಹುಡುಗಿಯ ನೆನಪಿಗೆ ಇಟ್ಟ ಹೆಸರು. ಟೈಟಾನಿಯಂ ಬೆರೆಸಿದ ಲೋಹ, ತೂಕ ಹತ್ತಿರ ಹತ್ತಿರ ಅರ್ಧ ಕೇಜಿ, ಬೆಲೆ 1,22,360 ರೂಪಾಯಿ. ಒಡವೆ ಪೆಟ್ಟಿಗೆಯಂಥ ಮರೂನ್ ಬಣ್ಣದ ಪೆಟ್ಟಿಗೆಯಲ್ಲಿ ಬರುತ್ತದೆಂದು ಆಗ ಓದಿದ್ದೆ. ಅಷ್ಟು ದುಡ್ಡು ಯಾವ ಹೆಣ್ಣುಮಗಳ ಕೈಯಲ್ಲಿರುತ್ತದೆ, ನೀವೇ ಹೇಳಿ. ಪೆಟ್ಟಿಗೆಯ ಬಣ್ಣದ ಬಗ್ಗೆ ಓದಿದ್ದು ನೆನಪಿದೆ, ಹಿಡಿಯ ಅಳತೆಯ ಬಗ್ಗೆ ಓದಿದ್ದು ನೆನಪಿಲ್ಲ.

ಬಂದೂಕಿನ ಅಂಗಡಿಯವರನ್ನು ಕೇಳಿದೆ. "ಹಿಡಿ ಹೇಗೆ ಬೇಕೋ ಹಾಗೆ ಮಾಡಿಸ್ಕೊಳ್ಳಿ ಅಕ್ಕಾ. ನಳಿಗೆ ಕತ್ತರಿಸೋದು, ನಂಬರು ಉಜ್ಜೋದು, ಇವಕ್ಕೆ ಮಾತ್ರ ಕೈ ಹಾಕಬಾರದು, ಜೈಲು" ಎಂದರು. ಒಳಗಿನ ಕೆಲಸಕ್ಕೆ ಕಂಡಕಂಡ ಕಮ್ಮಾರರ ಕೈಗೆ ರಿವಾಲ್ವರ್ ಕೊಡುವಂತೆಯೂ ಇಲ್ಲ, ರಿಪೇರಿಯವರಿಗೂ ಲೈಸೆನ್ಸು ಬೇಕು. ಆದರೆ ಹಿಡಿಯ ಹಲಗೆ ಬರೀ ಮರ. ತಿರುಪು ಬಿಚ್ಚಿದರೆ ಎರಡೂ ಕೈಗೆ ಬರುತ್ತವೆ. ಹಲಗೆಯನ್ನಷ್ಟೇ ಆಚಾರ್ರಿಗೆ ಒಯ್ದರಾಯಿತು.

ಆದರೂ ಮನಸ್ಸು ಎಳೆಯಿತು. ಮಾವನವರ ಅಂಗೈಯ ಗುರುತಲ್ಲವೇ ಅದು? ಅವರ ಫೋಟೋದಲ್ಲಿಲ್ಲದ ಒಂದು ಬೆರಳಿನ ಲೆಕ್ಕ ಆ ಮರದಲ್ಲಿತ್ತು. ಇನ್ನೊಂದು ಮಾತೂ ಇತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ನಮ್ಮವರ ಕೈ ಥೇಟು ಅವರಪ್ಪನ ಕೈ. ಆ ಬೀಟೆ ಹಿಡಿ ನನಗೆ ಒಗ್ಗದಿದ್ದರೂ ಅವರ ಅಂಗೈಗೆ ಹೇಳಿ ಮಾಡಿಸಿದಂತಿತ್ತು. ಹಾಗಿರುವುದೇ ನನಗೆ ಬೇಡವಾಗಿತ್ತು. ಬೇರೆ ಹಿಡಿ ಹಾಕಿದ ಮಾತ್ರಕ್ಕೆ ಯಾರ ಕೈಯನ್ನಾದರೂ ತಡೆದಂತಾಗುತ್ತದೆಯೇ ಎಂದರೆ ಇಲ್ಲ, ಗೊತ್ತು. ತಡೆಯುವುದು ಬೀಗ, ಡಾಕ್ಟರು, ಪಕ್ಕದಲ್ಲಿ ಮಲಗಿದವರ ಎಚ್ಚರ. ಆದರೂ ಅದು ಅವರ ಕೈಗೆ ಒಗ್ಗದ ಹಾಗಿರಲಿ ಅನ್ನಿಸಿತು.

ಅಳತೆ ತೆಗೆದ ಕಥೆ ಕೇಳಿ. ಮೊದಲು ಅಕ್ಕಿರೊಟ್ಟಿಯ ಹಿಟ್ಟನ್ನು ಮುಷ್ಟಿಯಲ್ಲಿ ಹಿಡಿದು ಅಚ್ಚು ತೆಗೆದೆ. ಒಣಗುತ್ತಲೇ ಬಿರುಕುಬಿಟ್ಟಿತು. ಚಪಾತಿ ಹಿಟ್ಟಿನಲ್ಲಿ ಮಾಡಿದೆ, ಅದು ರಾತ್ರಿಯಲ್ಲಿ ಉಬ್ಬಿ ಪುನಃ ಮಾವನವರ ಕೈಯಷ್ಟಾಯಿತು! ಅತ್ತೆಯವರು ನಕ್ಕದ್ದೇ ನಕ್ಕದ್ದು. ಕೊನೆಗೆ ಕೆರೆಯ ಜೇಡಿಮಣ್ಣು ಸರಿಹೋಯಿತು. ಮರಕ್ಕೆ ಏನು ಮಾಡುವುದು? ಬೀಟೆ ಕಡಿಯಲು ನಾವು ಯಾರು, ನಮ್ಮ ಜಾಗದಲ್ಲಿದ್ದರೂ ಅದಕ್ಕೆ ಸರ್ಕಾರದ ಅಪ್ಪಣೆ ಬೇಕು. ಆಗ ಅತ್ತೆಯವರೇ ಅಟ್ಟದಿಂದ ಅವರ ಅತ್ತೆಯ ಕಾಲದ ಒನಕೆ ತೆಗೆಸಿದರು. ಕಗ್ಗಲಿ ಮರದ್ದು, ತುದಿ ಸೀಳಿತ್ತು. "ಇದ್ರಲ್ಲಿ ಮಾಡ್ಸು. ಬಳೆ ನಂದು, ಒನಕೆ ನಮ್ಮತ್ತೇದು, ಕೈ ನಿಂದು" ಅಂದರು. ನಮ್ಮವರು ಪೇಪರಿನಿಂದ ತಲೆ ಎತ್ತಿ, "ಚಿತ್ರದುರ್ಗಕ್ಕೇ ಹೋಗ್ಬಿಡು ಮಾರಾಯ್ತಿ, ಓಬವ್ವನ ಕಿಂಡಿ ಕಾಯಕ್ಕೆ" ಅಂದರು. ಎಷ್ಟೋ ತಿಂಗಳ ಮೇಲೆ ಅವರ ಬಾಯಿಂದ ಬಂದ ತಮಾಷೆ ಅದು. ನಾನು ಒಳಗೆ ಹೋಗಿ ಸುಮ್ಮನೆ ಸಿಂಕಿನ ನಲ್ಲಿ ಬಿಟ್ಟುಕೊಂಡು ನಿಂತೆ.

ಹಳೆಯ ಆಚಾರ್ರು ಈಗಿಲ್ಲ, ಅವರ ಮಗ ಮಾಡಿಕೊಟ್ಟ. ಕಗ್ಗಲಿ ಕಬ್ಬಿಣದಷ್ಟು ಗಟ್ಟಿ, ಎರಡು ಉಳಿ ಮೊಂಡಾದವು ಎಂದು ಗೊಣಗಿದ. ಮೂರು ಸಲ ತಿದ್ದಬೇಕಾಯಿತು. ಒಮ್ಮೆ ತಿರುಪಿನ ತೂತು ಕೂದಲೆಳೆಯಷ್ಟು ಆಚೀಚೆ, ಒಮ್ಮೆ ಬುಡ ದಪ್ಪ. ಜಾರದಿರಲೆಂದು ಸಣ್ಣ ಗೆರೆಗಳನ್ನು ಹಾಕು ಎಂದೆ. ಅವನು ಕೇಳದೆಯೇ ರಂಗೋಲಿಯ ಎಳೆಯ ಹಾಗೆ ಹಾಕಿಕೊಟ್ಟ. ಕೊಬ್ಬರಿ ಎಣ್ಣೆ ಬೇಡ, ಜಿಗುಟಾಗುತ್ತದೆ ಎಂದು ಅಗಸೆ ಎಣ್ಣೆ ನಾಲ್ಕು ಸಲ ತಿಕ್ಕಿ ಒಣಗಿಸಿದೆ. ಈಗ ಹಿಡಿದರೆ ತೋರುಬೆರಳು ತಾನಾಗಿ ಎಲ್ಲಿರಬೇಕೋ ಅಲ್ಲಿ ಬಂದು ನಿಲ್ಲುತ್ತದೆ. ಸೊಗಸೂ ಅನ್ನಿಸುತ್ತದೆ. ಆಯುಧದ ಮೇಲೆ ಆಸೆಪಡಬಾರದು ಎಂದು ನನಗೆ ನಾನೇ ಗದರಿಕೊಂಡಿದ್ದೇನೆ, ಆದರೂ ಸುಳ್ಳು ಯಾಕೆ ಹೇಳಲಿ.

ಈಗ ರಿವಾಲ್ವರ್ ಒಂದು ಬೀರುವಿನಲ್ಲಿ, ಗುಂಡುಗಳು ಇನ್ನೊಂದು ಕೋಣೆಯ ಪೆಟ್ಟಿಗೆಯಲ್ಲಿ. ಎರಡರ ಬೀಗದ ಕೈಯೂ ನನ್ನ ಸೊಂಟದಲ್ಲಿ. ವಾಪಸು ಬಂದಿರುವ ಕೋವಿಗಳ ತೋಟಾ ಇಟ್ಟಿರುವ ಪೆಟ್ಟಿಗೆಯದ್ದೂ ನನ್ನಲ್ಲೇ. ಮಂಗ ಬಂದರೆ ನಮ್ಮವರು ನನ್ನನ್ನು ಕೇಳಿ ತೆಗೆದುಕೊಳ್ಳುತ್ತಾರೆ, ಎಣಿಸಿ ಕೊಡುತ್ತೇನೆ, ಎಣಿಸಿ ಇಟ್ಟುಕೊಳ್ಳುತ್ತೇನೆ. ಮೊದಲು ಅವರಿಗೆ ಇರುಸುಮುರುಸಾಗುತ್ತಿತ್ತು. ಈಗ ಹಾಲಿನ ಲೆಕ್ಕದಂತೆ ರೂಢಿಯಾಗಿದೆ. 2023ರ, 2024ರ ಚುನಾವಣೆಗಳಲ್ಲಿ ಎಲ್ಲವನ್ನೂ ಠಾಣೆಗೆ ಒಪ್ಪಿಸಬೇಕಾಯಿತು. ತೋಟದವರೆಲ್ಲ ಗೊಣಗುತ್ತಾರೆ. ನಾನು ಮಾತ್ರ ಆ ದಿನಗಳಲ್ಲಿ ಒಳ್ಳೇ ನಿದ್ದೆ ಮಾಡುತ್ತೇನೆ.

ಮಾವನವರ ಬೀಟೆ ಹಲಗೆಗಳನ್ನು ಅತ್ತೆಯವರು ತಮ್ಮ ಎಲೆಅಡಿಕೆ ಡಬ್ಬಿಯಲ್ಲಿ ಸೇರಿಸಿಕೊಂಡಿದ್ದಾರೆ. ಸಂಜೆ ಜಗಲಿಯಲ್ಲಿ ಕೂತಾಗ ಹೆಬ್ಬೆರಳಿನಿಂದ ಆ ಗುಬುಟನ್ನು ಸವರುತ್ತಿರುತ್ತಾರೆ.

ಕಳೆದ ಆಯುಧಪೂಜೆಗೆ ಎಲ್ಲವನ್ನೂ ತೊಳೆದು ಒರೆಸಿ ಮಣೆಯ ಮೇಲೆ ಇಟ್ಟಿದ್ದೆ. ಕತ್ತಿ, ಗರಗಸ, ಮಗನ ಲ್ಯಾಪ್‌ಟಾಪು, ನನ್ನ ಹೊಲಿಗೆ ಮಿಷನ್ನಿನ ಕೈಪಿಡಿ, ಕೋವಿಗಳು, ಖಾಲಿ ರಿವಾಲ್ವರ್. ಪೂಜೆಯಾದ ಮೇಲೆ ನನ್ನೆದುರಿಗೇ ನಮ್ಮವರು ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡರು. ಕೈಯಲ್ಲಿ ಹೀಗೆ ಹಾಗೆ ತಿರುಗಿಸಿ ನೋಡಿದರು.

"ಕೈಗೇ ಕೂರ್ತಾ ಇಲ್ವಲ್ಲೇ ಇದು" ಅಂದರು.

"ಅದು ನಿಮ್ಮ ಅಳತೆದಲ್ಲರೀ" ಅಂದೆ.

ಒಂದು ಗಳಿಗೆ ನನ್ನ ಮುಖ ನೋಡಿದರು. ಅವರಿಗೆ ಎಲ್ಲ ತಿಳಿಯಿತು ಅಂತ ನನಗೆ ತಿಳಿಯಿತು. "ಹೂಂ" ಎಂದು ಮೆಲ್ಲಗೆ ಮಣೆಯ ಮೇಲಿಟ್ಟು, ಕುಂಬಳಕಾಯಿ ಒಡೆಯಲು ಅಂಗಳಕ್ಕೆ ಹೋದರು. ಅತ್ತೆಯವರು ಒಳಗಿನಿಂದ, "ಕುಂಕುಮ ಜಾಸ್ತಿ ಹಚ್ಚಿದ್ದೀಯ, ನಾಳೆ ಒರೆಸದಿದ್ರೆ ತುಕ್ಕು ಬರುತ್ತೆ ಕಣೇ" ಎಂದು ಕೂಗಿದರು. ನಿಜ, ಗೆರೆಗಳ ನಡುವೆಯೆಲ್ಲ ಕೆಂಪು ತುಂಬಿಕೊಂಡಿತ್ತು. ಮಾರನೆಯ ದಿನ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಕೂತು ಉಜ್ಜಿದೆ.